ಹೆಗಲೊಳಗಿನ ದ್ರಾಕ್ಷಿ ಗೊಂಚಲು

ಹೊಣಕೆರೆ
14-11-2024

ಮೊಮ್ಮಗ ಯೋಗೇಶನಿಗೆ ನಿನ್ನ ಅಜ್ಜಿಯ ಆಶೀರ್ವಾದ, ಸದ್ಯಕ್ಕೆ ಒಂದೇ ಕೈಯಿಂದ.

ಹೇಗಿದ್ದೀಯ ಮಗ? ಕೊಯಮತ್ತೂರಿನ ಅನ್ನ ಮೈಗೆ ಹಿಡಿಯಿತೇ? ಮುರಿದು ಸೊಟ್ಟಗೆ ಕೂಡಿಕೊಂಡ ನಿನ್ನ ಬಲಗೈ ಹೆಬ್ಬೆರಳು ಈಗಲಾದರೂ ಚಿಮಟ ಹಿಡಿಯುತ್ತದೆಯೇ, ಇಲ್ಲ ಬೇರೆಯವರು ಮಾಡಿದ ಒಡವೆಗೆ ಪಾಲಿಶ್ ಉಜ್ಜಿಕೊಂಡೇ ಕೂತಿದ್ದೀಯಾ? ಫೋನಿನಲ್ಲಿ ಇದನ್ನು ಕೇಳಿದರೆ 'ಸಿಗ್ನಲ್ ಇಲ್ಲ ಕಣಜ್ಜಿ' ಅಂತ ಕಟ್ ಮಾಡುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಡ. ಮೂರನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ನುಂಗಿಕೊಂಡು ಓದು.

ನಾನು ಬಿದ್ದದ್ದು ನಿನಗೆ ಗೊತ್ತು. ಹೇಗೆ ಬಿದ್ದೆ ಅನ್ನುವುದನ್ನು ನಿನ್ನ ತಾತ ಹೇಳಿರುವುದಿಲ್ಲ. ಅವರು ಕೆಲಸಕ್ಕೆ ಕೂರುವ ಕೋಣೆ ಗುಡಿಸಿ, ಕಸದ ಡಬ್ಬ ಎತ್ತಿಕೊಂಡು ಬರುವಾಗ ಹೊಸಿಲು ಎಡವಿದೆ. ಬೇರೆ ಮನೆಯ ಹೆಂಗಸಾಗಿದ್ದರೆ ಡಬ್ಬ ಎಸೆದು ಗೋಡೆ ಹಿಡಿಯುತ್ತಿದ್ದಳು. ಅಕ್ಕಸಾಲಿ ಮನೆಯ ಕಸ, ವರ್ಷವಿಡೀ ಉದುರಿದ ಚಿನ್ನದ ಪುಡಿ ಇರುವುದೇ ಅದರಲ್ಲಿ. ಡಬ್ಬ ತಬ್ಬಿಕೊಂಡು ಎಡಗೈ ಮೇಲೆ ಬಿದ್ದೆ. ಒಂದು ಚಿಟಿಕೆ ಚೆಲ್ಲಲಿಲ್ಲ, ಮಣಿಕಟ್ಟು ಎರಡಾಯಿತು. ಓಡಿಬಂದ ತಾತ ಮೊದಲು ಡಬ್ಬ ಎತ್ತಿದರು, ಆಮೇಲೆ ನನ್ನನ್ನು.

ಬೆಳ್ಳೂರು ಕಡೆಯ ದೊಡ್ಡಾಸ್ಪತ್ರೆಯಲ್ಲಿ, ಹೃದಯ ಸೋತಿದೆ, ಪೂರ್ತಿ ಮತ್ತು ಕೊಡುವುದು ಬೇಡ, ಕೈಯೊಂದನ್ನೇ ಮರಗಟ್ಟಿಸೋಣ ಅಂದರು. ನೀನು ಚಿಕ್ಕವನಿದ್ದಾಗ ಮೊಣಕೈ ಮುರಿದು, ಇಂಥದೇ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ನಾಲಿಗೆ ತೊದಲಿ ಫಿಟ್ಸ್ ಬಂದದ್ದು ಕಣ್ಣಮುಂದೆ ನಿಂತಿತು. ಆ ಭಯಕ್ಕೇ ಅಲ್ಲವೇ ನೀನು ಹೆಬ್ಬೆರಳಿನ ಆಪರೇಷನ್ ಬೇಡವೆಂದು ಓಡಿದ್ದು? ಮತ್ತಿನ ಇಂಜೆಕ್ಷನ್ ಕೊಡುವ ಡಾಕ್ಟರು ದಿವ್ಯ ಅಂತ, ಪಾಂಡವಪುರದ ಹುಡುಗಿ. 'ಅಲ್ಲ ಕಣವ್ವಾ, ಔಸ್ದೀನ ಎಷ್ಟು ಸುರೀತೀಯೆ?' ಅಂತ ಕೇಳೇಬಿಟ್ಟೆ. 'ಮೊದ್ಲು ನರ ಎಲ್ಲೈತೆ ಅಂತ ಅಂದಾಜಿನ ಮೇಲೆ ಹಾಕೋರು ಕಣಜ್ಜಿ, ಅದ್ಕೇ ಜಾಸ್ತಿ ಬೇಕಾಗೋದು. ಈಗ ನೋಡ್ಕಂಡು ಪಕ್ಕದಲ್ಲೇ ಬುಡ್ತೀವಿ, ಕಮ್ಮೀಲೇ ಆಯ್ತದೆ' ಅಂದಳು.

ಕತ್ತಿನ ಬುಡಕ್ಕೆ ತಣ್ಣನೆಯ ಲೋಳೆ ಬಳಿದು, ಬಸುರಿಯರ ಹೊಟ್ಟೆ ಮೇಲೆ ಆಡಿಸುತ್ತಾರಲ್ಲ, ಆ ಸ್ಕ್ಯಾನಿಂಗಿನದನ್ನು ಒತ್ತಿದಳು. 'ಈ ವಯಸ್ಸಲ್ಲಿ ಅಲ್ಲೇನವ್ವ ಉಡುಕ್ತೀಯೆ?' ಅಂದೆ. ಆಮೇಲೆ ಪಕ್ಕದ ಟಿವಿ ನೋಡಿದೆ. ಏನು ಹೇಳಲಿ ಯೋಗೇಶ! ಕಪ್ಪನೆಯ ಬಿಲ್ಲೆಯೊಂದು ಮಿಡಿಯುತ್ತಿತ್ತು, ರಕ್ತನಾಳವಂತೆ. ಅದಕ್ಕೆ ಒತ್ತಿಕೊಂಡು ಹೀಚು ದ್ರಾಕ್ಷಿಯ ಗೊಂಚಲು, ಅದು ನರವಂತೆ. ಆ ಗೊಂಚಲು ಹೊತ್ತುಕೊಂಡೇ ಇಷ್ಟು ವರ್ಷ ಮುದ್ದೆ ತಿರುವಿದೆ, ನಿನ್ನನ್ನು ಎತ್ತಿ ಆಡಿಸಿದೆ, ನಿನ್ನಪ್ಪನಿಗೆ ಬಾರಿಸಿದೆ. ಇದೆ ಅಂತಲೇ ಗೊತ್ತಿರಲಿಲ್ಲ. ಬೆಳ್ಳಿ ತಂತಿಯ ಹಾಗೆ ಸೂಜಿ ಬಂತು, ಮಿಡಿಯುವ ಬಿಲ್ಲೆಯನ್ನು ಮುಟ್ಟದೆ ಗೊಂಚಲ ಪಕ್ಕಕ್ಕೆ ನಿಂತಿತು. ಔಷಧಿ ಸಣ್ಣಗೆ ಹರಿದು ಕಾಯಿಗಳನ್ನೆಲ್ಲ ಸುತ್ತಿಕೊಂಡಿತು. ತಾತ ಊದುಗೊಳವೆ ಹಿಡಿದು, ಸಾಸಿವೆಯಷ್ಟು ಬೆಸುಗೆಯನ್ನು ಕೂಡುವ ಜಾಗಕ್ಕೆ ಮಾತ್ರ ಹರಿಸುವುದಿಲ್ಲವೇ, ಥೇಟು ಹಾಗೆ. ಸ್ವಲ್ಪ ಹೊತ್ತಿಗೆ ಕೈ ಬಾಳೆದಿಂಡಾಯಿತು. ಮೂಳೆ ಕೂಡಿಸುವಾಗ ನಾನು ಎಚ್ಚರವಾಗಿದ್ದು ನರ್ಸಮ್ಮನ ಊರು ವಿಚಾರಿಸುತ್ತಿದ್ದೆ. ಮನೆಗೆ ಬಂದು ತಾತನಿಗೆ ಹೇಳಿದರೆ, 'ಊದಾಕೆ ಬತ್ತದಾ ಆ ಮಗೀಗೆ? ಕರ್ಕಂಡ್ ಬಾ, ಕೆಲ್ಸಕ್ಕೆ ಇಟ್ಕತೀನಿ' ಅಂದರು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹತ್ತು ಬೆರಳೂ ತಣ್ಣಗಿರಲಿ.

ನಿನ್ನ ಅಜ್ಜಿ,
ನಾಗಲಕ್ಷ್ಮಮ್ಮ

ಮರೆತಿದ್ದೆ: ನಿನ್ನ ಫಿಟ್ಸಿನ ಕತೆ ದಿವ್ಯಂಗೆ ಬಿಡಿಸಿ ಹೇಳಿದೆ. 'ಔಸ್ದಿ ಜಾಸ್ತಿಯಾದ್ರೂ ಅಂಗಾಯ್ತದೆ, ರಕ್ತನಾಳಕ್ಕೆ ಓದ್ರೂ ಅಂಗಾಯ್ತದೆ. ಕರ್ಕಂಡ್ ಬನ್ನಿ, ನೋಡಿ ಏಳ್ತೀನಿ' ಅಂದಳು. ಬರುವ ಗುರುವಾರ ಬರುತ್ತೀಯ ಅಂತ ಹೇಳಿಬಿಟ್ಟಿದ್ದೇನೆ. ಆಪರೇಷನ್ನಿಗೆ ಮುಂಚೆ ಮೂಗುಬೊಟ್ಟು ಬಿಚ್ಚಿಸುವಾಗ ಸವೆದ ಕಡ್ಡಿ ಮುರಿಯಿತು. ಬೆಸೆದು ಕೊಡುತ್ತೇನೆ ಅಂತ ತಾತ ಗೋಗರೆಯುತ್ತಿದ್ದಾರೆ, ನಾನು ಕೊಟ್ಟಿಲ್ಲ. ಅದನ್ನು ನಿನ್ನ ಕೈಯೇ ಬೆಸೆಯಬೇಕು. ಅಲ್ಲಿಯವರೆಗೆ ಮೂಗಿಗೆ ಬೇವಿನ ಕಡ್ಡಿ ಚುಚ್ಚಿಕೊಂಡಿದ್ದೇನೆ. ಯಾಕೆ ಅಂತ ಕೇಳಿದವರಿಗೆಲ್ಲ ನಿನ್ನ ಹೆಸರು ಹೇಳುತ್ತಿದ್ದೇನೆ.