ನೀರಿಗೆ ಬಂದ ರುಚಿ

ಕ್ರಿ.ಶ. ೨೪೧೯, ಹದಿಮೂರನೆಯ ತಿಂಗಳು
ಗದಗ ಗುಡ್ಡದ ನೆರಳೂರು

ನಮಗಿಂತ ಮೊದಲು ಉಂಡವರಿಗೆ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಇನ್ನು ಕೆಲವನ್ನು ಬರೆಯಲು ನನಗೇ ನಾಚಿಕೆ. ರುಚಿ ಎಂಬುದು ನಮ್ಮಲ್ಲಿ ಹೊಲಸು ಮಾತು. ಮಕ್ಕಳ ಬಾಯಲ್ಲಿ ಬಂದರೆ ಗದರಿಸುತ್ತೇವೆ.

ನಮ್ಮ ಮುತ್ತಜ್ಜಿಯರ ಕಾಲಕ್ಕೆ ದೊಡ್ಡ ಹಸಿವು ಬಂದಿತ್ತು. ಪಕ್ಕದ ಮನೆಯವರು ಹಸಿದು ಮಲಗಿರುವಾಗ ತಾವು ಚಪ್ಪರಿಸಿ ತಿನ್ನುವುದು ಕ್ರೂರವೆಂದು ಜನ ಬೆನ್ನು ತಿರುಗಿಸಿ, ಮುಖ ಮುಚ್ಚಿಕೊಂಡು ಉಣ್ಣತೊಡಗಿದರು. ಹಸಿವು ಹೋಯಿತು, ಕಣಜಗಳು ತುಂಬಿದವು, ನಾಚಿಕೆ ಉಳಿಯಿತು. ಈಗ ಪ್ರತಿ ಮನೆಯಲ್ಲೂ ಒಂದು 'ಮರೆ' ಇದೆ: ಒಬ್ಬರೇ ಕೂರುವಷ್ಟು ಕಿರಿದಾದ, ಕಿಟಕಿಯಿಲ್ಲದ ಗೂಡು. ಅಲ್ಲಿ ಬೇಗ ಬೇಗ ನುಂಗಿ, ಬಾಯಿ ಒರೆಸಿಕೊಂಡು, ಏನೂ ನಡೆದಿಲ್ಲವೆಂಬಂತೆ ಹೊರಬರುತ್ತೇವೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಗಂಡ ಚನ್ನವೀರ ಅಗಿಯುವುದನ್ನು ನಾನು ಕಂಡಿರಲಿಲ್ಲ.

ಹೋದ ಚಳಿಗಾಲದಲ್ಲಿ ನನ್ನ ಅತ್ತೆ ಶಿವನವ್ವನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಅರ್ಧ ಮುಖ ಸೊಟ್ಟಗಾಯಿತು. ಮಾತು, ಬುದ್ಧಿ ಎರಡೂ ಚುರುಕಾಗಿಯೇ ಇದ್ದವು. ಆದರೆ ಮರೆಗೆ ಒಬ್ಬರೇ ಹೋಗಲಾರರು, ಇನ್ನೊಬ್ಬರ ಕೈಯಿಂದ ಉಣ್ಣಲೊಲ್ಲರು. ಕಣ್ಣು ಮುಚ್ಚಿಕೊಂಡು ಉಣಿಸುತ್ತೇನೆಂದರೂ ತುಟಿ ಬಿಗಿದರು. ಮಗ ಕಾಲು ಹಿಡಿದು ಬೇಡಿಕೊಂಡಾಗ ಗೋಡೆಯ ಕಡೆ ಹೊರಳಿದರು.

"ಎಲ್ಲಾರ ಮುಂದ ಸಾಯಬೌದು," ಅಂದರು. "ತಿನ್ನಾಕ ಆಗಂಗಿಲ್ಲ."

ಬರೀ ನೀರು ಕುಡಿಯುತ್ತಿದ್ದರು. ವೈದ್ಯೆ ಬಂದು ನೋಡಿ, ಹೀಗೇ ಆದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಹೇಳಿಹೋದಳು.

ಮರುದಿನ ಮಧ್ಯಾಹ್ನ ನಾನು ಮರೆಗೆ ಹೋಗಲಿಲ್ಲ. ತಟ್ಟೆ ತಂದು, ಅತ್ತೆಗೆ ಮುಖ ಮಾಡಿ ಹಾಸಿಗೆಯ ಪಕ್ಕ ಕೂತೆ. ಚನ್ನವೀರ ಒಮ್ಮೆ ನೋಡಿ ಹೊರಗೆ ಓಡಿದ. ಆಗತಾನೇ ಸುಟ್ಟ ಜೋಳದ ರೊಟ್ಟಿ, ಸ್ವಲ್ಪ ಬೆಣ್ಣೆ, ಉಪ್ಪಿನಲ್ಲಿ ನೆನೆದ ನೆಲ್ಲಿಕಾಯಿ. ರೊಟ್ಟಿ ಮುರಿದ ಸದ್ದು ಓಣಿಗೆಲ್ಲ ಕೇಳಿಸಿತೇನೋ ಅನ್ನಿಸಿತು. ಸೀರೆ ಕಳಚಿ ನಿಂತವಳಂತೆ ಮೈ ಕುಗ್ಗಿತು, ಕಿವಿ ಸುಟ್ಟಿತು. ಆದರೂ ಅವಸರ ಮಾಡಲಿಲ್ಲ. ಬೆಣ್ಣೆ ಕರಗಿ ಬೆರಳಿಗೆ ಇಳಿಯುವುದನ್ನು ನೋಡಿದೆ, ಬೆರಳು ನೆಕ್ಕಿದೆ. ಇಷ್ಟು ವರ್ಷ ನುಂಗಿದ್ದು ಇದನ್ನೇ. ಇದು ಹೀಗಿದೆಯೆಂದು ಗೊತ್ತಿರಲಿಲ್ಲ. ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಮುದುಡಿಕೊಂಡಿತು. ಮೇಲೆ ಒಂದು ಗುಟುಕು ನೀರು ಕುಡಿದರೆ, ಬರೀ ನೀರೇ ಬೇರೆಯಾಗಿ ಹೋಗಿತ್ತು. ಕಣ್ಣು ತುಂಬಿದವು, ನಾಚಿಕೆಗೋ ಸುಖಕ್ಕೋ ತಿಳಿಯಲಿಲ್ಲ.

ಅತ್ತೆ ಮೊದಲು ಕಣ್ಣು ಮುಚ್ಚಿದ್ದರು. ಯಾವಾಗಲೋ ತೆರೆದಿದ್ದರು.

"ಹೆಂಗೈತಿ?" ಎಂದು ಕೇಳಿದರು.

"ಹೇಳಾಕ ಬರವಲ್ದು ಅತ್ತೀ. ನೀವ ನೋಡ್ರಿ."

ಬಾಗಿಲು ಮುಚ್ಚಲು ಹೇಳಿದರು. ಮುಚ್ಚಿ ಬಂದೆ. ಒಂದು ಚೂರು ನೆಲ್ಲಿಕಾಯಿ ಅವರ ಬಾಯಿಗಿಟ್ಟೆ, ಹಿಂದೆಯೇ ನೀರು. ಮುಖ ಕಿವುಚಿದರು, ಆಮೇಲೆ ನೆಟ್ಟಗಿದ್ದ ಅರ್ಧ ಮುಖದಲ್ಲಿ ನಗು ಬಂತು. ತಾವಾಗಿಯೇ ರೊಟ್ಟಿ ಕೇಳಿದರು.

ಅತ್ತೆ ಬದುಕಿದರು. ದಿನವೂ ಜೊತೆಗೇ ಉಣ್ಣುತ್ತೇವೆ. ವಿಷಯ ತಿಳಿದ ನೆರೆಯವರು ಮಾತು ಬಿಟ್ಟಿದ್ದಾರೆ. ಚನ್ನವೀರ ನಮಗೆ ಬೆನ್ನು ಮಾಡಿಯೇ ಉಣ್ಣುತ್ತಾನೆ, ಆದರೆ ಮರೆಯಲ್ಲಲ್ಲ, ನಾವು ಕೂತ ಕೋಣೆಯಲ್ಲೇ. ನನ್ನ ನಾಚಿಕೆ ಹೋಯಿತೆಂದರೆ ಸುಳ್ಳಾಗುತ್ತದೆ. ಈಗಲೂ ಪ್ರತಿ ತುತ್ತಿಗೂ ಮುಖ ಬಿಸಿಯಾಗುತ್ತದೆ.

ನಿಮ್ಮಲ್ಲಿ ಒಂದು ಬೇಡಿಕೆ. ಯಾರೂ ಬಾಯಿಬಿಟ್ಟು ಆಡದೆ ರುಚಿಗಳ ಹೆಸರುಗಳೇ ನಮ್ಮಲ್ಲಿ ಸತ್ತುಹೋಗಿವೆ. ನಾಲಿಗೆ ಮುದುಡಿಸುವುದಕ್ಕೆ ಒಂದು ಹೆಸರಿತ್ತಂತೆ. ಅತ್ತೆಯ ಅಜ್ಜಿ ಒಮ್ಮೆ ಪಿಸುಗುಟ್ಟಿದ್ದರು, ಅತ್ತೆಗೆ ನೆನಪಾಗುತ್ತಿಲ್ಲ. ಆಮೇಲೆ ನೀರಿಗೆ ಬರುತ್ತದಲ್ಲ, ಅದಕ್ಕೂ ಒಂದು ಹೆಸರಿದ್ದೀತು. ಇವತ್ತು ಉಣ್ಣುವಾಗ ಒಂದು ತುತ್ತನ್ನು ನಿಧಾನವಾಗಿ ತಿಂದು, ಅದು ಹೇಗಿದೆಯೆಂದು ಮಕ್ಕಳಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿ. ಅವರು ತಮ್ಮ ಮಕ್ಕಳಿಗೆ ಹೇಳಲಿ. ನಮ್ಮವರೆಗೆ ಬಂದರೂ ಬರಬಹುದು.

ಶಿವನವ್ವನವರ ಸೊಸೆ,
ಪಾರ್ವತೆವ್ವ