ಬಾಣಂತಿ ಸೌದೆ

ಹಾರನಹಳ್ಳಿ
೧೬ ಅಕ್ಟೋಬರ್ ೧೯೫೭

ಮುದ್ದಿನ ಮಗಳು ಸರ್ವಮಂಗಳಳಿಗೆ ನಿನ್ನ ಅವ್ವನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಅದಕ್ಕೇ ಬರೆದಿದ್ದೇನೆ. ಅಕ್ಷರ ಸೊಟ್ಟಗಿವೆ ಎಂದು ನಗಬೇಡ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಹೊಗೆಗೆ ಕಣ್ಣು ಉರಿಯುತ್ತಿವೆ.

ಮಹಾನವಮಿ ಕಳೆದ ಮೇಲೆ ನಿನ್ನನ್ನು ಬಾಣಂತನಕ್ಕೆ ಕರೆತರುತ್ತೇನೆ ಎಂದಿದ್ದೆ. ಬರಬೇಡ ಮಗಳೇ. ಮೈಸೂರಿನಲ್ಲೇ ಹೆರಿಗೆಯಾಗಲಿ. ರಸ್ತೆ ಕೆಟ್ಟಿದೆ, ಬಸ್ಸು ಕುಲುಕುತ್ತದೆ, ಅಲ್ಲಿ ದೊಡ್ಡಾಸ್ಪತ್ರೆ ಇದೆ ಎಂದು ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆದರೆ ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನೆಪವೆಂದು ಹಿಡಿದುಬಿಡುತ್ತೀಯ. ನಿಜ ಹೇಳುತ್ತೇನೆ. ಮನೆಯಲ್ಲಿ ಸೌದೆ ಇಲ್ಲ.

ನಿನ್ನ ಮದುವೆಯಾದ ವರ್ಷದಿಂದ ಹಿತ್ತಿಲಲ್ಲಿ ಒಟ್ಟುತ್ತಾ ಬಂದ ಹುಣಸೆ ಸೌದೆ ನಿನಗೆ ನೆನಪಿರಬೇಕು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಬಾಣಂತಿಯ ಹಂಡೆ ಆರಬಾರದು ಎಂದು ನನ್ನ ಅವ್ವ ನನಗೆ ಒಟ್ಟಿದ್ದಳು, ನಾನು ನಿನಗೆ ಒಟ್ಟಿದ್ದೆ. ಹೋದ ವಾರ ಸೊಪ್ಪು ಅರ್ಧ ಬೆಂದಿರುವಾಗ ಮಳೆ ಹಿಡಿಯಿತು. ಕಾಡಿನಿಂದ ಬರಬೇಕಿದ್ದ ಸೌದೆ ಗಾಡಿಗಳು ತುಂಬಿದ ಹಳ್ಳದ ಆಚೆಯೇ ನಿಂತವು. ಒಲೆ ತಣ್ಣಗಾದರೆ ಸೊಪ್ಪೆಲ್ಲ ಕಪ್ಪಾಗಿ ವರ್ಷದ ದುಡಿಮೆ ತಿಪ್ಪೆ ಸೇರುತ್ತದೆ. ನಿಮ್ಮಪ್ಪ ಮೊದಲು ಬೇಲಿಯ ಗೂಟ ಕಿತ್ತು ಹಾಕಿದರು, ಆಮೇಲೆ ಹಳೇ ನೇಗಿಲು, ಆಮೇಲೆ ನಿನ್ನ ಸೌದೆಗೆ ಬಂದರು. ನಾನು ಅಡ್ಡ ನಿಂತೆ. "ಸೊಪ್ಪು ಕೆಟ್ಟೋದ್ರೆ ಮಗಳ ಬಾಣಂತನ ಯಾತ್ರಲ್ಲಿ ಮಾಡೀಯೇ? ದಾರಿ ಬುಡು" ಎಂದರು. ನಾನು ಪಕ್ಕಕ್ಕೆ ಸರಿದೆ.

ಹೋದ ದೀಪಾವಳಿಗೆ ಅಳಿಯಂದಿರು ಜಗಲಿಯಲ್ಲಿ ಕೂತು ಹೇಳಿದ್ದು ಈಗ ನೆನಪಾಗುತ್ತದೆ. ಒಂದು ರೂಪಾಯಿ ಗಳಿಸಲು ಎಷ್ಟು ಸೌದೆ, ಎಷ್ಟು ಕಲ್ಲಿದ್ದಲು ಸುಡುತ್ತದೆ ಎಂದು ನೋಡಿದರೆ ಒಂದು ದೇಶದ ಗತಿ ತಿಳಿಯುತ್ತದಂತೆ. ಕೆಲವು ಪುಟ್ಟ ದೇಶಗಳು ಸುಡುವುದೇ ಬಹಳ, ಉಳಿಸಿಕೊಳ್ಳುವುದು ಬೊಗಸೆಯಷ್ಟಂತೆ. "ಅಂಗಾರೆ ನಮ್ಮನೇನೂ ಒಂದು ದೇಸಾನೇ ಕಣಪ್ಪ" ಎಂದು ನಿಮ್ಮಪ್ಪ ನಕ್ಕಿದ್ದರು. ನಾನೂ ನಕ್ಕಿದ್ದೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಾವು ಬೆಟ್ಟವನ್ನೂ ಸುಡುತ್ತಿದ್ದೇವೆ.

ಸೊಪ್ಪೇನೋ ಹೊಂಬಣ್ಣಕ್ಕೆ ಬಂದಿದೆ. ನಿಮ್ಮಪ್ಪ ಒಂದು ಎಲೆ ತಂದು ತೋರಿಸಿದರು, ನಾನು ತಿರುಗಿ ನೋಡಲಿಲ್ಲ. ಅವತ್ತಿನಿಂದ ಬ್ಯಾರನ್ ಪಕ್ಕದಲ್ಲೇ ಮಲಗುತ್ತಿದ್ದಾರೆ. ಸೊಪ್ಪು ಮಾರಿ ಸೌದೆ ಕೊಳ್ಳೋಣ ಎನ್ನುತ್ತಾರೆ. ಊರಿನ ಬ್ಯಾರನ್‌ಗಳೆಲ್ಲ ಬಾಯಿ ತೆರೆದು ಕೂತಿರುವಾಗ ಸೌದೆ ಮಾರುವವರು ಯಾರು? ಸಿಕ್ಕುವುದೆಲ್ಲ ಹಸಿ. ಹಸಿ ಸೌದೆಯ ಹೊಗೆಯಲ್ಲಿ ನಿನ್ನನ್ನೂ ಎಳೆ ಕೂಸನ್ನೂ ನಾನು ಮಲಗಿಸಲಾರೆ.

ಸೂಲಗಿತ್ತಿ ಪುಟ್ಟತಾಯಮ್ಮ ದಿನಾ ಬಾಗಿಲಿಗೆ ಬಂದು "ಮಗಳು ಯಾವತ್ತು ಬತ್ತಾಳವ್ವ?" ಎಂದು ಕೇಳುತ್ತಾಳೆ. ಇವತ್ತು ನಾಳೆ ಎಂದು ಸಾಗಹಾಕುತ್ತಿದ್ದೇನೆ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆಯದ ತವರು ಅದೆಂಥ ತವರು ಎಂದು ನಿಮ್ಮತ್ತೆ ಆಡಿದರೆ, ಅವ್ವನಿಗೆ ಜ್ವರ ಎಂದುಬಿಡು. ನಿನಗೆ ಎಣ್ಣೆ ಹಚ್ಚಿ ಎರೆಯುವ ಭಾಗ್ಯ ನನಗಿಲ್ಲವಲ್ಲ. ನೀನು ಮಲಗಿದ ತೊಟ್ಟಿಲಿಗೆ ಬಣ್ಣ ಹಾಕಲು ಬಡಗಿ ಚಾಮಯ್ಯನಿಗೆ ಕೊಟ್ಟಿದ್ದೇನೆ. ನಾಮಕರಣದ ಹೊತ್ತಿಗೆ ಕಳಿಸುತ್ತೇನೆ.

ಬಿಸಿನೀರನ್ನೇ ಕುಡಿ. ತಲೆಗೆ ಬಟ್ಟೆ ಕಟ್ಟಿಕೋ.

ನಿನ್ನ ಅವ್ವ,
ಶಿವನಂಜಮ್ಮ

ಮತ್ತೊಂದು ಮಾತು: ಬಸ್ಸಿಗೆ ಬರುವ ನಂಜಣ್ಣನ ಕೈಯಲ್ಲಿ ಒಂದು ಗಂಟು ಕೊಟ್ಟಿದ್ದೇನೆ. ಅದರಲ್ಲಿ ನಿನ್ನ ತೊಟ್ಟಿಲ ಮೇಲಿದ್ದ ಮರದ ಗಿಣಿ ಇದೆ. ತೊಟ್ಟಿಲನ್ನು ಚಾಮಯ್ಯನಿಗೆ ಕೊಟ್ಟೆ ಎಂದದ್ದು ಸುಳ್ಳು. ಬ್ಯಾರನ್ ಒಲೆಯಿಂದ ನನಗೆ ಎಳೆದುಕೊಳ್ಳಲು ಆದದ್ದು ಅದೊಂದೇ. ಅಕ್ಷರ ಕೆಟ್ಟದ್ದು ಹೊಗೆಗಲ್ಲ, ಬಲಗೈಗೆ ಬಟ್ಟೆ ಸುತ್ತಿದೆ, ಎಡಗೈಯಲ್ಲಿ ಬರೆದೆ. ಗಿಣಿಯ ಒಂದು ರೆಕ್ಕೆ ಕರಕಲಾಗಿದೆ. ಕೂಸಿನ ಕೈಗೆ ಕೊಡುವ ಮುಂಚೆ ಮಸಿ ಒರೆಸು.