ಕ್ಷಮಿಸಿದಂತೆ

ಭಾನುವಾರ, ಆರಾಧನೆ ಮುಗಿದ ಮೇಲೆ

ತಂಗೀ,

ಕ್ಷೇಮವೇ ಎಂದು ಕೇಳುವುದಿಲ್ಲ. ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದವಳನ್ನು ಹಾಗೆ ಕೇಳಿದರೆ ಅಣಕಿಸಿದ ಹಾಗಾಗುತ್ತದೆ.

ನಾಳೆ ನಿನ್ನನ್ನು ಮನೆಗೆ ಕಳಿಸುತ್ತಾರೆಂದು ಡಾಕ್ಟರನ್ನೇ ಕೇಳಿ ತಿಳಿದುಕೊಂಡೆ. ನಿನ್ನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಒಂದು ಲೋಟ ನೀರು ಕೊಡುವವರಿಲ್ಲ. ಆದ್ದರಿಂದ ನೀನು ನಮ್ಮಲ್ಲಿಗೆ ಬರುತ್ತೀಯ. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ ಬಟ್ಟೆಯ ಥಾನುಗಳನ್ನೆಲ್ಲ ತೆಗೆಸಿ ಮಂಚ ಹಾಕಿಸಿದ್ದೇನೆ. ಇದು ಕೇಳುತ್ತಿರುವುದಲ್ಲ, ಹೇಳುತ್ತಿರುವುದು.

ನಾನು ಏನನ್ನೂ ಮರೆತಿಲ್ಲ, ತಿಳಿದಿರಲಿ. ನನ್ನ ಮಗಳ ಮದುವೆಯ ಗೌನು ಯಂತ್ರದ ಮೇಲೆ ಅರ್ಧ ಆಗಿತ್ತು. ನೀನು ನಮ್ಮದೇ ಅಂಗಡಿಯಲ್ಲಿ ಕೂತು ಗುಂಡಿ ಹೊಲಿಯುತ್ತಾ, ಅಳತೆ ಕೊಡಲು ಬಂದಿದ್ದ, ಮದುವೆ ಹುಡುಗನ ಸೋದರತ್ತೆಯ ಮುಂದೆ, 'ಹುಡುಗೀಗೆ ಮೂರ್ಛೆ ರೋಗ ಇದೆಯಂತೆ' ಅಂದೆ. ಸೆಖೆಗೆ ಒಂದು ಸಲ ತಲೆಸುತ್ತಿ ಬಿದ್ದ ಹುಡುಗಿ! ಆ ವಾರವೇ ಸಂಬಂಧ ಮುರಿಯಿತು. ಕೇಳಿದರೆ, 'ನಾನೆಲ್ಲಿ ಇದೆ ಅಂದೆ? ಇದೆಯಂತೆ ಅಂದೆ, ಅಷ್ಟೆ' ಎಂದು ಮುಖ ತಿರುಗಿಸಿದೆ. ಆ ಗೌನನ್ನು ನಾನೇ ಕತ್ತರಿಸಿ ಗಿರಾಕಿಗಳ ಕೋಟುಗಳಿಗೆ ಲೈನಿಂಗ್ ಹಾಕಿದೆ. ಅಂದಿನಿಂದ ನಮ್ಮ ಮನೆಯಲ್ಲಿ ನೀನೂ ಇಲ್ಲ, 'ಅಂತೆ' ಎಂಬ ಮಾತೂ ಇಲ್ಲ. ಕೆಲಸದ ಹೆಂಗಸರು ನನ್ನ ಬೆನ್ನ ಹಿಂದೆ 'ಅಂತೆ ಅಮ್ಮ' ಎನ್ನುವುದು ನನಗೆ ಗೊತ್ತಿದೆ. ಅನ್ನಲಿ.

ಮಗಳು ಮುಂದೆ ಬೇರೆಯವನನ್ನು ಮದುವೆಯಾಗಿ ಚೆನ್ನಾಗಿದ್ದಾಳೆ. ಅವಳು ನಿನ್ನನ್ನು ಎಂದೋ ಕ್ಷಮಿಸಿಬಿಟ್ಟಳು. ಅದಕ್ಕೂ ನನಗೆ ಕೋಪವೇ.

ಕಳೆದ ಭಾನುವಾರ ಮನೆಯ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು 'ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು' ಎನ್ನುವಲ್ಲಿ ಅವಳ ಮಗಳು, ಮೂರಡಿ ಇಲ್ಲ, ಬಾಯಿ ಮಾತ್ರ ಊರಗಲ, ಕಣ್ಣು ತೆರೆದು ನನ್ನ ತೋಳು ಜಗ್ಗಿದಳು. 'ಅಜ್ಜೀ, ಅಂತೆ ಅನ್ಬಾರ್ದು ಅಂತ ನೀನೇ ಹೇಳ್ತೀಯಲ್ಲ! ನೀನು ನಿಜವಾಗ್ಲೂ ಕ್ಷಮಿಸಿದ್ಯಾ, ಇಲ್ಲಾ ಬರೀ ಕ್ಷಮಿಸಿದಂತೆನಾ?' ಅಳಿಯ ನಗು ತಡೆಯಲಾರದೆ ಕೆಮ್ಮಿದ. ಆ ಅಂತೆ ಬೇರೆ, ಈ ಅಂತೆ ಬೇರೆ, ಇಲ್ಲಿ 'ಹಾಗೆ' ಎಂದು ಅರ್ಥ ಎಂದು ನಾನು ವ್ಯಾಕರಣ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, 'ಅಂದ್ರೆ ನೀನು ಕ್ಷಮಿಸಿದ ಹಾಗೇ ದೇವರು ನಿನ್ನ ಕ್ಷಮಿಸ್ಬೇಕಾ? ಅಯ್ಯೋ ಅಜ್ಜೀ!' ಎಂದಳು.

ಆ 'ಅಯ್ಯೋ' ವಾರವಿಡೀ ನನ್ನನ್ನು ಬಿಡಲಿಲ್ಲ. ಕತ್ತರಿ ಹಿಡಿದರೂ ಅದೇ, ಇಸ್ತ್ರಿ ಹಾಕಿದರೂ ಅದೇ.

ದೇವರು ನನ್ನ ಯಾವ್ಯಾವ ತಪ್ಪು ಕ್ಷಮಿಸಿದ್ದಾನೆ ಎಂಬುದು ಅವನಿಗೂ ನನಗೂ ಸೇರಿದ್ದು, ನಿನಗೆ ಹೇಳುವುದಿಲ್ಲ. ಕಡಿಮೆಯೇನಲ್ಲ, ಅಷ್ಟು ತಿಳಿದುಕೊ. ಶಿಲುಬೆಯ ಮೇಲೆ ಯೇಸು ಯೋಗ್ಯತೆ ನೋಡಿ ಕ್ಷಮಿಸಲಿಲ್ಲ. ನೋಡಿದ್ದರೆ ನನ್ನ ಗತಿ ನಿನ್ನದಕ್ಕಿಂತ ಮೇಲಿರುತ್ತಿರಲಿಲ್ಲ. ಅವನಿಂದ ಎರಡೂ ಕೈ ಚಾಚಿ ತೆಗೆದುಕೊಂಡವಳು ನಿನ್ನ ಮುಂದೆ ಮುಷ್ಟಿ ಹಿಡಿದು ನಿಲ್ಲಲಾರೆ. ನೀನು ಇನ್ನೂ ತಪ್ಪಾಯಿತು ಎಂದಿಲ್ಲ. ಅನ್ನದಿದ್ದರೂ ಕ್ಷಮಿಸಿದ್ದೇನೆ. ಮನಸ್ಸು ಇನ್ನೂ ಮುನಿಸಿಕೊಂಡು ಕೂತಿದೆ. ಅದು ನಿಧಾನವಾಗಿ ಬರಲಿ, ಅದರ ಅಪ್ಪಣೆಗೆ ನಾನು ಕಾಯುವುದಿಲ್ಲ.

ಬಂದ ಮೇಲೆ ಸುಮ್ಮನೆ ಮಲಗಿರುವುದು ಬೇಡ. ಕೈ ನೆಟ್ಟಗಿದೆ, ಗುಂಡಿ ಹೊಲಿ. ಗಿರಾಕಿಗಳ ಜೊತೆ ಮಾತು ಮಾತ್ರ ನನಗೆ ಬಿಡು.

ಇಂತಿ,
ನಿನ್ನ ಅಕ್ಕ

ವಿ.ಸೂ.: ಇದು ಅಂಚೆಯಲ್ಲಿ ಬಂದ ಪತ್ರವಲ್ಲ. ನಿನ್ನ ವಾರ್ಡಿನ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೇ ಬರೆದದ್ದು, ನರ್ಸಮ್ಮನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಎದುರಿಗೆ ನಿಂತರೆ ಮೊದಲ ಮಾತಿಗೇ ಅಳು ಬಂದುಬಿಡುತ್ತದೆ. ಓದಿ ಮುಗಿದ ಮೇಲೆ 'ಅಕ್ಕಾ' ಎಂದು ಒಂದು ಸಲ ಕೂಗು. ಗಟ್ಟಿಯಾಗಿ ಕೂಗು, ಈಗ ನನ್ನ ಕಿವಿ ಮಂದ.